ಹಿಡಿದ ಎಳೆ ಬಿಡದ ಮಯೋಸಿನ್

ಹುಸೇನಪ್ಪ ಗ್ಯಾಸ್ ಸಿಲಿಂಡರನ್ನು ಹೆಗಲಿಗೆ ಏರಿಸುತ್ತಿದ್ದಾಗ, ಅವನ ತೋಳಿನ ಸ್ನಾಯುಕೋಶದೊಳಗೆ ಮಯೋಸಿನ್ ಎಂಬ ಒಂದು ಪ್ರೋಟೀನ್ ಕಣ ಸಿಟ್ಟಿನಿಂದ ಕುದಿಯುತ್ತಿತ್ತು. ಆಕ್ಟಿನ್ ಎಂಬ ಎಳೆಯನ್ನು ಹಿಡಿದು ತುಸು ಎಳೆಯುವುದು, ಬಿಡುವುದು, ಇನ್ನಷ್ಟು ಮುಂದೆ ಮತ್ತೆ ಹಿಡಿಯುವುದು, ಇದು ಅದರ ಕಸುಬು. ಅಕ್ಕಪಕ್ಕದಲ್ಲಿ ಹತ್ತಾರು ಮಯೋಸಿನ್‌ಗಳು ಅದೇ ಎಳೆಯನ್ನು ಎಳೆಯುತ್ತಿದ್ದವು. ಆದರೆ ಎಲ್ಲವೂ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಕೆಲವು ಹಿಡಿದಾಗ ಕೆಲವು ಬಿಡುತ್ತಿದ್ದವು.

“ಮೈಗಳ್ಳರಾ! ಇಷ್ಟು ಭಾರ ಇರುವಾಗ ಬಿಡುತ್ತೀರಾ? ನಾನೊಬ್ಬ ಇಲ್ಲದಿದ್ದರೆ ಸಿಲಿಂಡರು ಅವನ ಕಾಲ ಮೇಲೆ ಬೀಳುತ್ತಿತ್ತು!” ಎಂದು ಅದು ಅಬ್ಬರಿಸಿತು.

ಅಷ್ಟರಲ್ಲಿ, ಹಿಡಿತ ಬಿಡಿಸಲೆಂದೇ ಬರುವ ಎಟಿಪಿ ಎಂಬ ಶಕ್ತಿಯ ಕಣ ಬಳಿಗೆ ಬಂದು, “ನೀನು ಎಳೆದದ್ದಾಯಿತು, ಇನ್ನು ಬಿಡು” ಎಂದಿತು.

“ಬಿಡುವುದಿಲ್ಲ! ತೊಲಗು ಆಚೆ!” ಎಂದು ಮಯೋಸಿನ್ ಅದನ್ನು ನೂಕಿಬಿಟ್ಟಿತು.

ಎಳೆ ನಿಂತಲ್ಲೇ ನಿಂತಿತು. ಉಳಿದವು ಎಷ್ಟು ಜಗ್ಗಿದರೂ ಕದಲಲಿಲ್ಲ. ಮಯೋಸಿನ್ ಮತ್ತೂ ಕೆರಳಿತು. “ಯಾವನವನು, ಎಳೆಯನ್ನು ಮುಂದೆ ಹೋಗಗೊಡದೆ ಹಿಡಿದುಕೊಂಡವನು?”

“ನೀನೇ!” ಎಂದು ಆಕ್ಟಿನ್ ಗದರಿತು. “ಇವರೆಲ್ಲ ಸಿಲಿಂಡರಿನ ಜೊತೆಗೆ ಈಗ ನಿನ್ನನ್ನೂ ಎಳೆಯಬೇಕಾಗಿದೆ.”

ಎಟಿಪಿ ಈ ಸಲ ಅಪ್ಪಣೆ ಕೇಳಲಿಲ್ಲ. ನೇರ ಬಂದು ಕೂತು ಮಯೋಸಿನ್ನಿನ ಹಿಡಿತ ಬಿಡಿಸಿತು. ಎಳೆ ಸರ್ರನೆ ಸರಿಯಿತು, ಸಿಲಿಂಡರು ಹೆಗಲೇರಿತು. ಮಯೋಸಿನ್ ಬಿಟ್ಟರೂ ಏನೂ ಬೀಳಲಿಲ್ಲ.

ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗಲೇ.