ಸಿಂಗ್ರ ನೊಣ ಓಡಿಸಿದ್ದು

ಕೇಳ್ರಪ್ಪಾ, ನಗಬೇಡಿ. ನನಗಂತೂ ನೆನೆಸಿಕೊಂಡರೇ ಮೈ ಉರಿಯುತ್ತೆ. ಒಬ್ಬ ತಾಯಿ, ಹೆಸರು ದ್ಯಾವಮ್ಮ. ಒಬ್ಬನೇ ಮಗ, ಹೆಸರು ಸಿಂಗ್ರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬಸ್ಸು ನಿಲ್ಲುವ ಕಡೆ ತಾಯಿಗೊಂದು ಕಜ್ಜಾಯದ ಅಂಗಡಿ. ಇಬ್ಬರ ಹೊಟ್ಟೆಗೂ ಅದೊಂದೇ ದಾರಿ.

ಒಂದು ದಿನ ಹೆಲ್ತ್ ಸಾಹೇಬರು ಬಂದರು. ತಟ್ಟೆ ನೋಡಿದರು, ಮುಖ ಸಿಂಡರಿಸಿದರು. "ಏನಮ್ಮಾ ಇಷ್ಟು ನೊಣ! ನಾಲ್ಕು ದಿನ ಬಿಟ್ಟು ಬರ್ತೀನಿ. ಆಗಲೂ ನೊಣ ಕಂಡರೆ ಅಂಗಡಿಗೆ ಬೀಗ!"

ದ್ಯಾವಮ್ಮ ಮಗನನ್ನು ಕೂಗಿದಳು. "ಲೋ ಸಿಂಗ್ರ, ನೀರಿಗೆ ಹೋಗ್ಬತ್ತೀನಿ. ಕಜ್ಜಾಯದ ಮೇಲೆ ಒಂದು ನೊಣಾನೂ ಕೂರಬಾರ್ದು, ನೋಡ್ಕೋ!"

ನೀರು ಹೊತ್ತು ಬಂದು ನೋಡ್ತಾಳೆ, ತಟ್ಟೆಯೆಲ್ಲಾ ಕರ್ರಗಾಗಿದೆ!

"ಏನೋ ಇದು?"

"ಒಂದೂ ಕೂತಿಲ್ಲ ಕಣವ್ವ! ಬಗ್ಗಿ ಬಗ್ಗಿ ನೋಡ್ದೆ. ಎಲ್ಲಾ ಆರಾರು ಕಾಲ ಮೇಲೆ ನಿಂತವೆ!"

"ಅಯ್ಯೋ ಮುಠ್ಠಾಳ! ಇನ್ನು ನೊಣ ಕಾಯಬೇಡ, ಅದರ ವಂಶಾನೇ ತೆಗಿ. ಸಾಹೇಬ್ರು ಹೇಳವ್ರೆ, ಅವು ಮೊಟ್ಟೆ ಇಕ್ಕೋದು ತಿಪ್ಪೇಲಿ. ಹೋಗು, ತಿಪ್ಪೇಲಿರೋ ಮೊಟ್ಟೆ ಒಂದೂ ಬಿಡದಂಗೆ ಒಡೆದಾಕು!"

ಹೋದ. ತಿಪ್ಪೆಯ ಮಗ್ಗುಲಲ್ಲಿ ಪಕ್ಕದ ಮನೆ ಹೊಂಬಾಳಮ್ಮನ ಕೋಳಿ ಕಾವಿಗೆ ಕೂತಿತ್ತು. ಕೋಳಿ ಎಬ್ಬಿಸಿದ, ಹದಿನಾಲ್ಕು ಮೊಟ್ಟೆ ಫಟಫಟ ಒಡೆದ. ಹೊಂಬಾಳಮ್ಮ ಪೊರಕೆ ಹಿಡಿದು ಓಣಿಯೆಲ್ಲಾ ಅಟ್ಟಾಡಿಸಿದಳು.

"ನೊಣ ಎಷ್ಟುದ್ದ ಐತೋ ಕತ್ತೆ! ಅದರ ಹೊಟ್ಟೇಲಿ ಅಷ್ಟು ದಪ್ಪ ಮೊಟ್ಟೆ ಹಿಡಿಸುತ್ತಾ?" ದ್ಯಾವಮ್ಮ ಹಲ್ಲು ಕಡಿದಳು. "ನೊಣದ ಮೊಟ್ಟೆ ಬೆಳ್ಳಗೆ, ಸಣ್ಣಗೆ, ಅಕ್ಕಿ ಚೂರಿನಂಗಿರ್ತವೆ. ಒಂದೇ ಕಡೆ ನೂರಾರು ಇರ್ತವೆ, ಒಂದೇ ದಿನಕ್ಕೆ ಒಡೆದು ಹುಳ ಆಗ್ತವೆ! ಅಂಥ ರಾಶಿ ಕಂಡ್ರೆ ತಡ ಮಾಡ್ದೆ ಗುಂಡಿ ತೋಡಿ ಹೂಳು!"

ಸಾಹೇಬರು ಬಂದುಹೋಗಿ ಮೂರು ದಿನ ಆಗಿತ್ತು. ಅವಳು ಕಜ್ಜಾಯಕ್ಕೆ ಅಂತ ಅಕ್ಕಿ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆ ಹಾಸಿ ಆರಹಾಕಿ, ಬೆಲ್ಲ ತರೋಕೆ ಹೋದಳು. ಸಿಂಗ್ರ ನೋಡಿದ. ಬೆಳ್ಳಗಿದೆ! ಸಣ್ಣಗಿದೆ! ರಾಶಿ ಇದೆ! ಗುಂಡಿ ತೋಡಿದ, ಬಟ್ಟೆ ಸಮೇತ ಹೂಳಿದ, ಮೇಲೆ ಹತ್ತಿ ತುಳಿದ.

ನೀವೇ ಹೇಳಿ, ಹೆತ್ತವಳಾದರೂ ಎಷ್ಟು ಅಂತ ತಡಕೊಳ್ಳಬೇಕು? ಹಣೆ ಹಣೆ ಚಚ್ಚಿಕೊಂಡಳು.

"ಅನ್ನ ಹೂಳಿದೆಯಲ್ಲೋ ಪಾಪಿ! ಮೊಟ್ಟೆ ಸುದ್ದಿ ಬಿಡು! ಮೊಟ್ಟೆ ಹುಳ ಆಯ್ತು, ಹುಳ ಕಂದು ಗೂಡಾಯ್ತು, ಗೂಡು ಒಡೆದು ರೆಕ್ಕೆ ಬಂತು, ಎಲ್ಲಾ ಹತ್ತೇ ದಿನದ ಆಟ! ಹೊಲಸು ತುಳಿದ ಕಾಲಲ್ಲೇ ಬಂದು ಕಜ್ಜಾಯ ತುಳೀತವೆ. ಅದರ ಮೇಲೇ ಉಗುಳಿ, ಕರಗಿಸಿ ಹೀರ್ತವೆ! ನಾಳೆ ಸಾಹೇಬ್ರು ಬತ್ತಾರೆ. ನೊಣ ಎಲ್ಲಾ ತಿಪ್ಪೇಲೇ ಇರೋ ಹಂಗೆ ಮಾಡು. ಏನಾದ್ರೂ ಮಾಡು!"

ಬೆಳಿಗ್ಗೆ ತಂಗಿಯ ಮನೆಯಿಂದ ಹಿಟ್ಟು ತಂದು ತಟ್ಟೆ ತುಂಬ ಕಜ್ಜಾಯ ಕರಿದಳು, ಒಲೆ ಆರಿಸಿ ಮುಖ ತೊಳೆಯೋಕೆ ಹೋದಳು. ಸಿಂಗ್ರ ಯೋಚನೆ ಮಾಡಿದ. ನೊಣ ತಿಪ್ಪೇಲೇ ಇರಬೇಕು ಅಂದರೆ ಊಟಾನೂ ಅಲ್ಲೇ ಹಾಕಬೇಕು. ತಟ್ಟೆ ಎತ್ತಿಕೊಂಡು ಹೋಗಿ ತಿಪ್ಪೆಯ ನೆತ್ತಿ ಮೇಲಿಟ್ಟ. ಗುಂಯ್ ಅಂತ ಓಣಿಯ ನೊಣವೆಲ್ಲ ಅಲ್ಲಿಗೇ ಹೋದವು!

ಸಾಹೇಬರು ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಮೂಲೆ ಮೂಲೆ ನೋಡಿದರು. ಒಂದು ನೊಣ ಇಲ್ಲ!

"ಭೇಷ್ ಕಣಮ್ಮಾ!" ಅಂದು ಬರೆಯೋಕೆ ಪೆನ್ನು ತೆಗೆದರು. "ಎಲ್ಲಿ, ನನಗೂ ಒಂದು ಕಜ್ಜಾಯ ಕೊಡು."

ದ್ಯಾವಮ್ಮ ತಿರುಗಿದಳು. ತಟ್ಟೆಯೇ ಇಲ್ಲ!

"ಕಜ್ಜಾಯ ಎಲ್ಲೋ?"

"ತಿಪ್ಪೇಲವೆ ಕಣವ್ವ! ನೊಣಗಳು ಊಟ ಮಾಡ್ತಾ ಅವೆ!"

ಸಾಹೇಬರು ಎದುರಿಗಿದ್ದಾರೆ ಅನ್ನೋದನ್ನೂ ಮರೆತು ಅವಳು ಕಿರುಚಿದಳು. "ಹಾಳಾದವನೇ! ಮಾರೋಕೆ ಏನು ಉಳಿಸಿದೆಯೋ? ಇನ್ನು ನಾನು ಈ ಅಂಗಡೀಲಿ ನೊಣ ಹೊಡ್ಕೊಂಡು ಕೂತ್ಕೋಬೇಕು, ಅಷ್ಟೆ!"

ಸಿಂಗ್ರ ಅಂಗಡಿಯೆಲ್ಲಾ ಹುಡುಕಿದ. ಹೊಡೆಯೋಕೆ ಒಂದು ನೊಣವೂ ಇಲ್ಲ. ಅವನ ಮುಖ ಸಪ್ಪಗಾಯಿತು.

"ತಾಳವ್ವಾ, ಬಂದೆ!"

ಓಡಿದ. ತಟ್ಟೆಯನ್ನು ತಲೆ ಮೇಲಿಟ್ಟುಕೊಂಡು, ಗುಂಯ್‌ಗುಡುವ ದಂಡನ್ನೆಲ್ಲಾ ಹಿಂದೆ ಕಟ್ಟಿಕೊಂಡು ಬಂದ. ಸಾಹೇಬರು ಬರೆಯುತ್ತಿದ್ದ ಕಾಗದದ ಮೇಲೇ ತಟ್ಟೆ ಇಳಿಸಿ, ತಾಯಿಯ ಮುಂದೆ ಮಣೆ ಹಾಕಿದ.

"ಕೂತ್ಕೋ ಅವ್ವಾ! ಹೊಟ್ಟೆ ತುಂಬ ಹೊಡ್ಕೋ!"