ಕಿವಿಗಲ್ಲು

ಹಿರೇಮಡ್ಡಿಯ ಪಡುವಣ ದಿಬ್ಬದ ಮೇಲೆ ಬಣ್ಣಗಾರರ ವಿದ್ಯಾದತ್ತಿಯ ಶಾಲೆಯಿದೆ. ಅದರ ಗಡಿಗೋಡೆಯ ಹೊರಗೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ಒಂದು ಬೋಳು ಬಂಡೆ. ಅದೇ ಕಿವಿಗಲ್ಲು. ನೋಡಲು ಬಂದವರೆಲ್ಲ ಅದನ್ನು ಸುತ್ತುಹಾಕಿ, ಕಿವಿಯ ಆಕಾರ ಎಲ್ಲಿದೆಯೆಂದು ನನ್ನನ್ನು ಪೀಡಿಸುತ್ತಾರೆ. ಎಲ್ಲೂ ಇಲ್ಲರೀ. ಕಲ್ಲಿಗೆ ಹೆಸರು ಬಂದದ್ದು ಆಕಾರದಿಂದಲ್ಲ, ಅದರ ಮೇಲೆ ಕೂತವಳಿಂದ. ಹೋದ ವರ್ಷ ಒಬ್ಬರು ಬಂಡೆಗೆ ಕಿವಿ ಹಚ್ಚಿ, ಒಳಗೆ ಏನೋ ಕೇಳಿಸುತ್ತದೆ ಎಂದರು.

ಹಿಂದೆ ಒಮ್ಮೆ, ಊರಿನಲ್ಲಿ ಓದುಬರಹ ಬಲ್ಲವರೇ ಇರದ ಕಾಲದಲ್ಲಿ, ನೂಲಿಗೆ ಬಣ್ಣ ಹಾಕುವ ಸಂಕಣ್ಣನೆಂಬವನು ತನ್ನ ಮನೆತನದ ಎರೆಹೊಲವನ್ನೂ ಈ ದಿಬ್ಬವನ್ನೂ ಮಕ್ಕಳ ವಿದ್ಯೆಗೆಂದು ಧಾರೆಯೆರೆದು ಕೊಟ್ಟನಂತೆ. ದೂರದೂರಿನಿಂದ ಪಾಠ ಹೇಳುವ ಐಗಳೊಬ್ಬರನ್ನು ಕರೆತಂದು ಸಾಲಿ ಹಾಕಿಸಿದ. ಹೆಣ್ಣು ಗಂಡೆನ್ನದೆ ಎಲ್ಲರ ಮಕ್ಕಳೂ ಕೂರಬೇಕೆಂದು ಅವನೇ ಕಟ್ಟಳೆ ಮಾಡಿದ. ಆದರೆ ಅವನ ಮನೆಯಲ್ಲಿ ಹಳೆಯ ನೇಮವೊಂದಿತ್ತು. ಧಾರೆಯೆರೆದ ಮೇಲೆ ಆ ಹೊಲದ ಒಂದು ಕಾಳನ್ನೂ ಮನೆಯವರು ಬಾಯಿಗೆ ಹಾಕುವಂತಿಲ್ಲ. ಕಾಳಿಗೆ ಸರಿ. ಸಂಕಣ್ಣ ಅದನ್ನು ಅಕ್ಷರಕ್ಕೂ ಹಚ್ಚಿದ. ಐಗಳು ಉಣ್ಣುವುದು ದತ್ತಿಯ ಜೋಳ, ಅವರ ಪಾಠವೂ ದತ್ತಿಯದೇ ಫಲ. ಕೊಟ್ಟ ಮನೆಯ ಮಗು ಅದನ್ನು ಪಡೆದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ ಎಂದ. ಎಂಥ ನೇಮ ನೋಡಿ! ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಮನೆಯಲ್ಲಿದ್ದ ಮಗು ಒಂದೇ, ತಂದೆತಾಯಿ ಇಲ್ಲದ ಮೊಮ್ಮಗಳು ನಿಂಬೆವ್ವ. ತಾನೂ ಕಲಿಯಬೇಕೆಂದು ಹಟ ಹಿಡಿದು ಅವಳು ಊಟ ಬಿಟ್ಟಳು. ಕಡೆಗೆ ಅಜ್ಜ, ಗಡಿಯ ಆಚೆ ಕೂತು ಕಿವಿಗೆ ಬಿದ್ದಷ್ಟು ಕೇಳಿಕೋ, ಗಾಳಿಯಲ್ಲಿ ಬಂದದ್ದು ದತ್ತಿಯದಲ್ಲ ಎಂದು ದಾರಿ ತೋರಿಸಿದ. ಹುಡುಗಿ ಬಂಡೆ ಹಿಡಿದು ಕೂತಳು. ಒಳಗಿನ ಮಕ್ಕಳು ಅದನ್ನು ಕಿವಿಗಲ್ಲು ಎಂದು ಛೇಡಿಸಿದರು, ಹೆಸರು ನಿಂತುಬಿಟ್ಟಿತು. ಮಗ್ಗಿ, ವಚನ, ನೀತಿಯ ಪದ್ಯ ಎಲ್ಲವೂ ಅವಳಿಗೆ ಬಾಯಿಪಾಠ. ಸಂಜೆ ಬಣ್ಣದ ಬಾನಿಯಲ್ಲಿ ನೂಲು ಅದ್ದುತ್ತ ಅವಳು ಗಡಗಡ ಒಪ್ಪಿಸುವಾಗ ಸಂಕಣ್ಣ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಅವನಿಗೂ ಅಕ್ಷರ ಬಾರದು. ಒಪ್ಪಿಸುವುದೇ ಓದುವುದೆಂದು ತಿಳಿದಿದ್ದ.

ವರ್ಷಗಳು ಕಳೆದು ಅವನ ಕಣ್ಣು ಹೋದವು. ಊರವರು ಅವನ ದತ್ತಿಯನ್ನು ಬಣ್ಣಿಸಿ ಸಾಲಿಯ ಬಾಗಿಲಲ್ಲಿ ಕಲ್ಲು ನೆಡಿಸಿದರು. ಬೆಳೆದು ಹೆಂಗಸಾಗಿದ್ದ ನಿಂಬೆವ್ವನ ಕೈ ಹಿಡಿದು ಹೋದವನು, ಕಲ್ಲಿನ ಅಕ್ಷರಗಳನ್ನು ತಡವಿ, “ಓದವ್ವಾ,” ಎಂದ.

“ಯಜ್ಜಾ, ಕೇಳಿದ್ದು ಹೇಳತೀನಿ. ನೋಡಿ ಓದಾಕ ನನಗ ಬರೂದಿಲ್ಲ.”

ಸಂಕಣ್ಣ ಅಳಲಿಲ್ಲ ಎನ್ನುತ್ತಾರೆ. ಮನೆಗೆ ಬಂದು ರೊಟ್ಟಿ ಮುರಿದು ಉಂಡ. ಸಪ್ಪೆಯೋ ಖಾರವೋ ಅವನಿಗೆ ತಿಳಿಯಲಿಲ್ಲ. ಮರುದಿನ ಕಲ್ಲುಕುಟಿಗನನ್ನು ಕರೆಸಿ ಇನ್ನೊಂದು ಸಾಲು ಕೆತ್ತಿಸಿದ. ಇನ್ನಾದರೂ ಒಳಗೆ ಬಾ ಎಂದು ಐಗಳು ನಿಂಬೆವ್ವನನ್ನು ಕರೆದರು. “ಈಗ್ಯಾಕ ಬಿಡ್ರಿ,” ಎಂದು ಅವಳು ಬಾನಿಯತ್ತ ನಡೆದಳು. ದನಿಯಲ್ಲಿ ಬೇಸರವೂ ಇರಲಿಲ್ಲವಂತೆ.

ದತ್ತಿ ಇಂದಿಗೂ ಆ ಮನೆತನದ ಕೈಯಲ್ಲಿದೆ. ಸಾಲಿಯ ಮಕ್ಕಳ ಪುಸ್ತಕ, ವಸತಿ ಎಲ್ಲ ಅಲ್ಲಿಂದಲೇ ನಡೆಯುತ್ತದೆ. ಆ ಮನೆಯ ಮಕ್ಕಳೂ ಉಳಿದವರ ಜೊತೆ ಒಳಗೇ ಕೂರುತ್ತಾರೆ. ಬಂದವರು ಬಾಗಿಲ ಕಲ್ಲಿನ ಬುಡದಲ್ಲಿ, ಜಾಗ ಸಾಲದೆ ಇಕ್ಕಟ್ಟಾಗಿ ಕೆತ್ತಿದ ಕಡೆಯ ಸಾಲನ್ನು ಈಗಲೂ ನೋಡಬಹುದು: ‘ಕೊಟ್ಟವರ ಮನೆಯ ಮಗುವೂ ಕೂರಲಿ.’ ಅದನ್ನು ಕೆತ್ತಿದಾಗ ನಿಂಬೆವ್ವನಿಗೆ ಯಾರೋ ಓದಿ ಹೇಳಿದರು. ಒಮ್ಮೆ ಕೇಳಿದಳು, ಬಾಯಿಪಾಠವಾಯಿತು.