ಬೋಕಿಬಂಡೆ

ನಮ್ಮ ಹುಣಸೆಹಾಳಿನ ಕೆರೆಯ ಆಚೆ, ಚಪ್ಪರದಂತೆ ಮುಂದಕ್ಕೆ ಚಾಚಿದ ಒಂದು ಹೆಬ್ಬಂಡೆ ಇದೆ. ಅದರ ಒಳಮೈ ಮಸಿಗಟ್ಟಿದೆ; ಕೆಳಗೆ ಮಡಕೆ ಚೂರುಗಳ ರಾಶಿ. ಆ ಚೂರನ್ನು ನಾವು ಬೋಕಿ ಎನ್ನುತ್ತೇವೆ. ಪೇಟೆಯಿಂದ ಬಂದವರು ಕಸದ ಗುಡ್ಡೆಯೆಂದು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಮೂಗು ಅವರದೇ ತಾನೆ!

ಹಿಂದೆ ಒಮ್ಮೆ, ಕಡ್ಡಿಪೆಟ್ಟಿಗೆ ಇನ್ನೂ ಹುಟ್ಟದ ಕಾಲದಲ್ಲಿ, ಒಲೆ ಆರಿದ ಮನೆಯವರು ಬೋಕಿ ಹಿಡಿದು ನೆರೆಮನೆಯಿಂದ ಕೆಂಡ ತರುತ್ತಿದ್ದರು. ಕುಂಬಾರ ಊರಿಗೆಲ್ಲ ಮಡಕೆ ಕೊಡುತ್ತಿದ್ದ, ನೀರುಗಂಟಿ ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ, ಸುಗ್ಗಿಯಲ್ಲಿ ಅವರಿಗೆಲ್ಲ ಕಣದಿಂದ ಕಾಳು ಸಲ್ಲುತ್ತಿತ್ತು. ಕಟ್ಟು ಮೀರಿದವನ ಮನೆಗೆ ಮಾತ್ರ ಯಾರೂ ಬೆಂಕಿ ಕೊಡಕೂಡದು; ಇದಕ್ಕೆ ಬೆಂಕಿ ಕಟ್ಟುವುದು ಎನ್ನುತ್ತಿದ್ದರು. ಆ ವರ್ಷ ನೀರುಗಂಟಿ ದುರುಗ, ಒಣಗುತ್ತಿದ್ದ ಕಡೆಗದ್ದೆಯ ಬಡವರ ಪೈರು ನೋಡಲಾರದೆ, ಗೌಡರ ಸರದಿಯ ನೀರನ್ನು ಅತ್ತ ತಿರುಗಿಸಿಬಿಟ್ಟ. ಚಾವಡಿಯಲ್ಲಿ ಪಂಚರು ಕೂತು ಅವನಿಗೆ ಬೆಂಕಿ ಕಟ್ಟಿದರು. ಅವನ ಹೆಂಡತಿ ಮಾರಕ್ಕ ಒಂಬತ್ತು ದಿನದ ಬಾಣಂತಿ. ಬಿಸಿನೀರಿಲ್ಲ, ಕಾಯಿಸಿಕೊಳ್ಳಲು ಬೆಂಕಿಯಿಲ್ಲ, ಎಳೆಗೂಸು ನೀಲಿಗಟ್ಟತೊಡಗಿತು. ಅಯ್ಯೋ, ಕೂಸು ಯಾವ ಕಟ್ಟು ಮೀರಿತ್ತು?

ಕುಂಬಾರರ ತಿಪ್ಪಜ್ಜಿ ಈ ಬಂಡೆಯಡಿ ಮಡಕೆ ಸುಡುತ್ತಿದ್ದಳು. ಅವಳು ಆವಿಗೆಯಿಂದ ಒಂದು ಬೋಕಿ ಕೆಂಡ ತೆಗೆದು, ಹಾಡುಹಗಲೇ ಊರ ನಡುವೆ ಹಾದು ದುರುಗನ ಗುಡಿಸಲಿಗೆ ಕೊಟ್ಟು ಬಂದಳು ಎನ್ನುತ್ತಾರೆ. ಕೂಸು ಉಳಿಯಿತು. ಪಂಚರು ಕರೆಸಿ ಕೇಳಿದಾಗ, "ಹೂಂ, ಕೊಟ್ಟೆ. ನಾಳೆನೂ ಕೊಡ್ತೀನಿ," ಎಂದಳಂತೆ. ಅವಳನ್ನೂ ಊರಾಚೆ ಇಟ್ಟರು. ಅಜ್ಜಿ ಬಂಡೆಯಡಿಯೇ ಬಿಡಾರ ಹೂಡಿದಳು.

ಹದಿನೈದು ದಿನದಲ್ಲಿ ಜಡಿಮಳೆ ಹಿಡಿಯಿತು. ಐದು ದಿನ ಬಿಡಲಿಲ್ಲ. ಊರಿನ ಒಲೆಗಳೆಲ್ಲ ಆರಿದವು. ಗೌಡರ ಮನೆಯ ಚಕಮಕಿಯ ಅರಳೆಯೂ ತೊಯ್ದು ಹೋಯಿತು. ಅದೇ ಹೊತ್ತಿಗೆ, ಹೆರಿಗೆಗೆ ತವರಿಗೆ ಬಂದಿದ್ದ ಗೌಡರ ಮಗಳು ಹೆತ್ತಳು. ಗೌಡರೇ ಕಂಬಳಿ ಹೊದ್ದು, ಬೋಕಿ ಹಿಡಿದು ಬಂಡೆಗೆ ಬಂದರು.

"ನನ್ನ ಆವಿಗೆಗೂ ನೀರು ನುಗ್ಗೈತಪ್ಪ," ಎಂದಳು ಅಜ್ಜಿ. "ಬಾಣಂತಿ ಅಂತ ಹಗಲೂ ರಾತ್ರಿ ಆರದಂಗೆ ಕಾಪಾಡಿರೋದು ದುರುಗನ ಒಲೆ ಒಂದೇ."

ಗೌಡರು ಮಳೆಯಲ್ಲೇ ಊರ ಕಡೆ ತಿರುಗಿದರಂತೆ. ದುರುಗನ ಗುಡಿಸಲಿನ ಬಾಗಿಲಿಗೆ ಹೋಗಿ ಬೋಕಿ ಚಾಚಿದರು. ಮಾರಕ್ಕ ಬೋಕಿ ತುಂಬ ಕೆಂಡ ಹಾಕಿ, ಮೇಲೆ ಬೂದಿ ಮುಚ್ಚಿ, "ಬಿರ್ರನೆ ನಡೀರಿ ಗೌಡ್ರೇ, ಕೂಸು ತಣ್ಣಗಾದೀತು," ಎಂದಳು.

ಬೆಂಕಿ ಕಟ್ಟುವ ಶಿಕ್ಷೆ ಅಂದಿಗೆ ಮುಗಿಯಿತು. ಗೌಡರು ಆ ಬೋಕಿಯನ್ನು ತಂದು ಬಂಡೆಯಡಿ ಇಟ್ಟು, ತಿಪ್ಪಜ್ಜಿಯನ್ನು ಊರೊಳಗೆ ಕರೆದೊಯ್ದರು. ಅಂದಿನಿಂದ ನಮ್ಮೂರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ನೆರೆಮನೆಯಿಂದ ಕೆಂಡ ತಂದು ನೀರೊಲೆ ಹಚ್ಚಿ, ಆ ಬೋಕಿಯನ್ನು ಇಲ್ಲಿ ತಂದಿಡುತ್ತಾರೆ. ಗೌಡರದು ಯಾವುದು ತೋರಿಸಿ ಎಂದು ನೋಡಬಂದವರು ಕೇಳುವುದುಂಟು. ಎಲ್ಲವೂ ಮಸಿ ಹಿಡಿದ ಚೂರುಗಳೇ. ನಾನೂ ಹುಡುಕಿದ್ದೇನೆ, ಗೊತ್ತಾಗುವುದಿಲ್ಲ.